ಹವಾಲ್ದಾರರನ್ನು ಕೇಳಿ: ಮರಳಿನಲ್ಲಿ ಚೆಲ್ಲಿದ ಚರಗ

ಪ್ರಶ್ನೆ: ಅಣ್ಣಾವ್ರೇ, ಮಗ ಸೈನ್ಯ ಸೇರಿದ ಮೇಲೆ ಇದು ಮೊದಲ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ). ಗಡಿಯಲ್ಲಿದ್ದಾನೆ. ಈ ಸಲ ಹೊಲಕ್ಕೆ ಹೋಗಿ ಉಣ್ಣಲು ನನಗೆ ಮನಸ್ಸೇ ಇಲ್ಲ. ಅಲ್ಲಿ ಅವರಿಗೆ ಹಬ್ಬ ಅಂತ ಏನಾದರೂ ಇರುತ್ತದಾ? ತಿನ್ನೋದು ಕಳಿಸಿದರೆ ಮುಟ್ಟುತ್ತದಾ?
– ಒಬ್ಬ ತಾಯಿ, ಜೇವರ್ಗಿ ತಾಲೂಕು

ಉತ್ತರ: ಇರುತ್ತದೆ ತಂಗಿ. ದೀಪಾವಳಿ, ಈದ್, ಹೋಳಿ, ಕ್ರಿಸ್‌ಮಸ್ – ಎಲ್ಲರ ಹಬ್ಬವನ್ನೂ ಎಲ್ಲರೂ ಮಾಡುತ್ತಾರೆ. ಬಡಾಖಾನಾ, ಅಂದರೆ ಸೈನ್ಯದ ದೊಡ್ಡೂಟದ ದಿನ ಸಾಹೇಬರೂ ಜವಾನರೂ ಒಟ್ಟಿಗೇ ಉಣ್ಣುತ್ತಾರೆ. ಕಷ್ಟ ನಮ್ಮ ಎಳ್ಳಮಾಸಿಯದ್ದು. ಅದೇನಂತ ಪಕ್ಕದವನಿಗೆ ಗೊತ್ತೇ ಇರಲ್ಲ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆದಾಗ ನಾನು ಆಳಂದ ಕಡೆ ನಮ್ಮೂರಲ್ಲಿ ರಜೆಯಲ್ಲಿದ್ದೆ. ಎಳ್ಳಮಾಸಿ ಮುಗಿಸಿಯೇ ಹೊರಡೋದು ಅಂತಿದ್ದೆ. ತಂತಿ ಬಂತು, ರಜೆ ರದ್ದು. ಅವ್ವ ರಾತ್ರೋರಾತ್ರಿ ಶೇಂಗಾ ಹೋಳಿಗೆ ಮಾಡಿ ಹಳೇ ಧೋತರದ ತುಂಡಿನಲ್ಲಿ ಕಟ್ಟಿಕೊಟ್ಟಳು. ಗುಲ್ಬರ್ಗಾ ಸ್ಟೇಷನ್ನಿಂದ ರಾಜಸ್ಥಾನದ ಗಡಿಗೆ. ಅದೇ ಆಪರೇಷನ್ ಪರಾಕ್ರಮ. ಹತ್ತು ತಿಂಗಳು ಬಂದೂಕು ಹಿಡಿದು ಕೂತೆವು, ಯುದ್ಧ ಮಾತ್ರ ಆಗಲಿಲ್ಲ.

2002ರಲ್ಲಿ ಎಳ್ಳಮಾಸಿ ಜನವರಿ 13ಕ್ಕೆ ಬಿತ್ತು. ಅವತ್ತೇ ಪಂಜಾಬಿಗಳ ಲೋಹ್ರಿ. ರಾತ್ರಿ ಬೆಂಕಿ ಕಂಡರೆ ಕೆಟ್ಟಿತು, ಅದಕ್ಕೆ ಅವರು ಹೊತ್ತು ಮುಳುಗೋ ಮುಂಚೆಯೇ ಕುಣಿಯೊಳಗೆ ನಾಲ್ಕು ಕಟ್ಟಿಗೆ ಉರಿಸಿದರು. ನಾನು ಖೇಜ್ರಿ ಗಿಡದ ಬುಡಕ್ಕೆ ಹೋದೆ. ಖೇಜ್ರಿ ಅಂದರೆ ನಮ್ಮ ಬನ್ನಿಯೇ! ಊರ ಹೊಲದಲ್ಲಿ ಇಡುವ ಹಾಗೆ ಪಾಂಡವರು ಅಂತ ಇಡಲು ಆ ಮರಳಲ್ಲಿ ಐದು ಕಲ್ಲು ಎಲ್ಲಿಂದ ತರಲಿ? ನಾನು ಫೋನ್ ಲೈನ್ ಎಳೆಯುವವನು. ಫೀಲ್ಡ್ ಫೋನಿನ ಸತ್ತ ಸೆಲ್ಲು ಐದು ಸಾಲಾಗಿಟ್ಟೆ. ಸಜ್ಜಿ ಅಲ್ಲಿನ ಜನರೂ ತಿನ್ನುತ್ತಾರೆ, ಹಾಗಾಗಿ ರೊಟ್ಟಿ ಸಿಕ್ಕಿತು. ಅಡುಗೆ ಮಾಡುವ ಲಂಗರಿನವನು ಒಣ ಬಟಾಣಿ ಬೇಯಿಸಿ ಕೊಟ್ಟ. ಅದೇ ಭಜ್ಜಿ ಅಂದುಕೊಂಡೆ. ರುಚಿ ಮಾತ್ರ ಕೇಳಬೇಡಿ.

ಊರಲ್ಲಿ ಹೊಲ ಪೂರ್ತಿ ಸುತ್ತಿ, ಭೂಮಿತಾಯಿಗೆ ಅಂತ ಹಬ್ಬದ ಅಡುಗೆಯ ಚರಗ ಚೆಲ್ಲುತ್ತೇವಲ್ವಾ? ಅಲ್ಲಿ ಮುಳ್ಳುತಂತಿಯ ತನಕ ಮಾತ್ರ. ಆಚೆಗೆ ಮೈನು, ನೆಲದಲ್ಲಿ ಹೂತ ಬಾಂಬು. ಜೊತೆಗಿದ್ದ ಸರ್ದಾರ್ಜಿ, "ಏನು ಬಿತ್ತಿದ್ದೀ ಅಂತ ಇದನ್ನೆಲ್ಲ ಚೆಲ್ತಿದ್ದೀಯಾ?" ಅಂದ. ಹೋಳಿಗೆ ಕೊಟ್ಟೆ. ತಿಂಗಳಾಗುತ್ತಾ ಬಂದಿತ್ತು, ಹಪ್ಪಳದ ಹಾಗೆ ಕಟುಕಟು ಅಂದಿತು. ಲೋಹ್ರಿಗೂ ಶೇಂಗಾ ಬೇಕೇ ಬೇಕು. ಹೋಳಿಗೆ ಪೂರ್ತಿ ತಿಂದ, ಒಂದು ಚೂರು ಮಾತ್ರ ಬೆಂಕಿಗೆ ಹಾಕಿದ.

ಆಮೇಲೆ ಊರಿಂದ ಕಾಗದ ಬಂತು. ನಾನಿಲ್ಲ ಅಂತ ಅವ್ವ ಆ ವರ್ಷ ಹೊಲಕ್ಕೇ ಹೋಗಿರಲಿಲ್ಲ. ಓದಿ ನನಗೆ ಸಿಟ್ಟು ಬಂತು ತಂಗಿ. ನಾನಿಲ್ಲಿ ಮರಳಿಗೆ ಚರಗ ಚೆಲ್ಲಿದ್ದೇನೆ, ಇವರು ಕಪ್ಪು ಹೊಲ ಬಿಟ್ಟು ಮನೇಲಿ ಕೂತಿದ್ದಾರೆ! ನೀವು ಹೋಗಿ. ತೊಗರಿ ಎಷ್ಟು ಕಾಯಿ ಕಟ್ಟಿದೆ, ಭಜ್ಜಿಗೆ ಉಪ್ಪು ಜಾಸ್ತಿ ಹಾಕಿದ್ದು ಯಾರು, ಎಲ್ಲಾ ಅವನಿಗೆ ಹೇಳಿ.

ಶೇಂಗಾ ಹೋಳಿಗೆ ಕಳಿಸಿ, ಕೆಡಲ್ಲ. ಕಡುಬು ಬೇಡ. ಎರಡು ಮೂರು ವಾರ ಮುಂಚೆಯೇ ಅಂಚೆಗೆ ಹಾಕಿ. ವಿಳಾಸದಲ್ಲಿ ನಂಬರು, ಹೆಸರು, ಯೂನಿಟ್, ಎಪಿಒ (ಸೈನ್ಯದ ಅಂಚೆ ಕಚೇರಿ) ಅಷ್ಟೇ. ಊರ ಹೆಸರು ಬರೆಯಬಾರದು.

ಪ್ರಶ್ನೆ: ಹಬ್ಬಕ್ಕೆ ರಮ್ ಕೊಡ್ತಾರಂತೆ, ನಿಜವೇ?
– ಕಾಲೇಜು ಹುಡುಗ, ಹುಮನಾಬಾದ್

ಉತ್ತರ: ಕೊಡ್ತಾರಪ್ಪಾ, ಅಳತೆ ಮಾಡಿ. ನಾನು ಲಿಂಗ ಕಟ್ಟಿದವನು. ನನ್ನ ಪಾಲು ಸರ್ದಾರ್ಜಿಗೆ, ಅವನ ಹಾಲಿನ ಡಬ್ಬಿ ನನಗೆ.