22ಕ್ಯೂ ಡಿಲೀಷನ್ ಇರುವ ಮಗಳು ‘ಯಾರೋ ಕರೀತಾರೆ’ ಅಂತಾಳೆ. ಇದು ಸೈಕೋಸಿಸ್ ಶುರುವೇ?

ಮಗಳಿಗೆ 16 ವರ್ಷ, 22ಕ್ಯೂ11.2 ಡಿಲೀಷನ್ ಸಿಂಡ್ರೋಮ್ (22ನೇ ಕ್ರೋಮೋಸೋಮಿನ ಸಣ್ಣ ತುಣುಕು ಹುಟ್ಟಿನಿಂದಲೇ ಇಲ್ಲದಿರುವುದು) ಇದೆ, ಎರಡು ತಿಂಗಳಿಂದ ಯಾರೂ ಇಲ್ಲದಾಗ ಹೆಸರು ಹಿಡಿದು ಕರೆದ ಹಾಗಾಗುತ್ತದೆ ಅನ್ನುತ್ತಾಳೆ. ಒಬ್ಬ ಡಾಕ್ಟರು ‘ಸೈಕೋಸಿಸ್ ಶುರುವಾಗಿದೆ’ (ಇಲ್ಲದ್ದು ಕಂಡು, ಕೇಳಿ ಅದನ್ನೇ ನಿಜವೆಂದು ನಂಬುವ ಸ್ಥಿತಿ) ಅಂದರು, ಇನ್ನೊಬ್ಬರು ‘ಏನೂ ಇಲ್ಲ’ ಅಂದರು, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಇಂಥ ಮಕ್ಕಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಮಗಳನ್ನು ನೋಡದೆ ನಾನು ಹೌದು, ಅಲ್ಲ ಅನ್ನಲಾರೆ. ಇಬ್ಬರು ಡಾಕ್ಟರು ಹೀಗೆ ಎರಡು ಮಾತು ಹೇಳುವುದು ಯಾಕೆ ಎಂಬುದನ್ನು ಮಾತ್ರ ಹೇಳಬಲ್ಲೆ.

ನಿಮ್ಮ ಆತಂಕಕ್ಕೆ ಕಾರಣವಿದೆ. ಈ ಸಿಂಡ್ರೋಮ್ ಇರುವವರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ದೊಡ್ಡವರಾಗುವ ಹೊತ್ತಿಗೆ ಸ್ಕಿಜೋಫ್ರೇನಿಯಾದಂಥ ಸೈಕೋಸಿಸ್ ಕಾಯಿಲೆಗೆ ಒಳಗಾಗುತ್ತಾರೆ. ಉಳಿದ ಮೂವರಿಗೆ ಅದು ಬರುವುದಿಲ್ಲ, ಇದನ್ನೂ ನೆನಪಿಡಿ.

ತೊಡಕು ಇರುವುದು ಪ್ರಶ್ನೆ ಕೇಳುವುದರಲ್ಲಿ. ಒಮ್ಮೆ ಇದೇ ಸಿಂಡ್ರೋಮ್ ಇದ್ದ ಹುಡುಗನನ್ನು ಕೇಳಿದೆ, ‘ನಿನ್ನ ಮನಸ್ಸಲ್ಲಿ ಇರೋದು ಬೇರೆಯವರಿಗೆ ಗೊತ್ತಾಗುತ್ತಾ?’ ‘ಹೂಂ’ ಅಂದ. ಅಲ್ಲಿಗೇ ನಿಲ್ಲಿಸಿದ್ದರೆ ಅದು ಕಾಯಿಲೆಯ ಲಕ್ಷಣವೆಂದು ನಮ್ಮ ಪರೀಕ್ಷೆಯಲ್ಲಿ ದೊಡ್ಡ ಅಂಕ ಬೀಳುತ್ತಿತ್ತು. ‘ಯಾರಿಗೆ?’ ಅಂದೆ. ‘ಅಮ್ಮಂಗೆ.’ ‘ಹೇಗೆ?’ ‘ಹಸಿವಾದ್ರೆ ನನ್ನ ಮುಖ ನೋಡೇ ತಟ್ಟೆ ಹಾಕ್ತಾಳೆ.’ ಅವನ ತಾಯಿ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಂಡರು. ಕಲಿಕೆ ನಿಧಾನವಿರುವ ಮಕ್ಕಳು ಪ್ರಶ್ನೆ ಪೂರ್ತಿ ಅರ್ಥವಾಗದಿದ್ದರೂ ದೊಡ್ಡವರನ್ನು ಮೆಚ್ಚಿಸಲು ‘ಹೂಂ’ ಅಂದುಬಿಡುತ್ತಾರೆ. ಅದಕ್ಕೇ ನಾನು ನಡುನಡುವೆ ‘ಈ ಮೇಜು ನಿನ್ನ ಜೊತೆ ಊಟ ಮಾಡುತ್ತಾ?’ ಅಂತಲೂ ಕೇಳುತ್ತೇನೆ. ಅದಕ್ಕೂ ‘ಹೂಂ’ ಬಂದರೆ ಆವತ್ತಿನ ಉತ್ತರಗಳ ಮೇಲೆ ಏನನ್ನೂ ತೀರ್ಮಾನಿಸುವುದಿಲ್ಲ. ಪ್ರತಿ ‘ಹೂಂ’ಗೂ ‘ಕೊನೇ ಸಲ ಯಾವಾಗ ಆಯ್ತು, ಎಲ್ಲಿದ್ದೆ, ಆಮೇಲೆ ಏನು ಮಾಡಿದೆ’ ಎಂಬ ಕಥೆ ಬೇಕು.

‘ಎಲ್ಲರೂ ನನ್ನ ನೋಡಿ ನಗ್ತಾರೆ’ ಅನ್ನುವುದು ಸಂಶಯದ ಕಾಯಿಲೆಯೇ ಆಗಬೇಕಿಲ್ಲ. ಅಂಗುಳಿನ ತೊಂದರೆಯಿಂದ ಮೂಗಿನಲ್ಲಿ ಮಾತಾಡುವ ಮಗುವನ್ನು ಶಾಲೆಯಲ್ಲಿ ನಿಜವಾಗಿಯೂ ಆಡಿಕೊಳ್ಳುತ್ತಾರೆ. ಕಿವಿ ಮಂದವಿರುವುದೂ ಇವರಲ್ಲಿ ಸಾಮಾನ್ಯ, ಹಾಗಾಗಿ ಒಂದು ಶಬ್ದ ಇನ್ನೊಂದರಂತೆ ಕೇಳಬಹುದು. ನಿದ್ದೆ ಹತ್ತುವಾಗ ಹೆಸರು ಕರೆದಂತಾಗುವುದು ಆರೋಗ್ಯವಂತರಿಗೂ ಆಗುತ್ತದೆ. ತೀರಿಹೋದ ಅಜ್ಜಿ ಕನಸಲ್ಲಿ ಬಂದು ಮಾತಾಡಿದಳು ಎಂಬುದು ನಿಮ್ಮ ಮನೆಯಲ್ಲಿ ಎಲ್ಲರೂ ಒಪ್ಪುವ ಮಾತಾದರೆ ಅದನ್ನೂ ರೋಗದ ಲೆಕ್ಕಕ್ಕೆ ಹಿಡಿಯಬಾರದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಸಿಪ್ಸ್’ ಎಂಬ ಸಂದರ್ಶನವನ್ನು ಇಂಥ ಲಕ್ಷಣಗಳನ್ನು ಅಳೆಯಲು ಬಳಸುತ್ತಾರೆ. ವಿಚಿತ್ರ ಯೋಚನೆ, ಸಂಶಯ, ತನ್ನ ಬಗ್ಗೆ ಅತಿಯಾದ ದೊಡ್ಡತನ, ಇಲ್ಲದ್ದು ಕಾಣುವುದು ಕೇಳುವುದು, ಮಾತು ಹಳಿ ತಪ್ಪುವುದು: ಈ ಐದಕ್ಕೆ 0ಯಿಂದ 6ರವರೆಗೆ ಅಂಕ. 3ರಿಂದ 5 ಬಂದರೆ ಎಚ್ಚರದ ಹಂತ, 6 ಅಂದರೆ ಸೈಕೋಸಿಸ್‌ನ ಮಟ್ಟ. ಬರೀ ಅಂಕ ಸಾಲದು. ಸಾಮಾನ್ಯವಾಗಿ ಎಚ್ಚರದ ಹಂತ ಅನ್ನಬೇಕಾದರೆ ಅದು ಕಳೆದ ಒಂದು ವರ್ಷದಲ್ಲಿ ಶುರುವಾಗಿರಬೇಕು ಇಲ್ಲವೇ ಹೆಚ್ಚಿರಬೇಕು, ಕಳೆದ ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಆಗಿರಬೇಕು. ಮಗಳು ಅದನ್ನು ಎಷ್ಟು ನಂಬುತ್ತಾಳೆ, ಅದರಿಂದ ಎಷ್ಟು ಹೆದರುತ್ತಾಳೆ, ಆ ದನಿ ಕೇಳಿ ಬಾಗಿಲು ತೆಗೆಯಲು ಎದ್ದು ಹೋಗುತ್ತಾಳೋ, ‘ಓ, ಮತ್ತೆ ಹಾಗಾಯ್ತು’ ಅಂತ ಸುಮ್ಮನಾಗುತ್ತಾಳೋ ಎಂಬುದರ ಮೇಲೆ ಅಂಕ ಏರುತ್ತದೆ, ಇಳಿಯುತ್ತದೆ. ನಿಮ್ಮ ಇಬ್ಬರು ಡಾಕ್ಟರಲ್ಲಿ ಒಬ್ಬರು ‘ಹೂಂ’ ಕೇಳಿ ನಿಲ್ಲಿಸಿರಬಹುದು, ಇನ್ನೊಬ್ಬರು ಕೇಳದೆಯೇ ಬಿಟ್ಟಿರಬಹುದು. ನಾವು ಮನೆಯವರ ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿ, ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕುತ್ತೇವೆ. ಅಂಕ ದೂರವಾದರೆ ಯಾಕೆ ಎಂದು ಚರ್ಚಿಸಿ, ಬೇಕಾದರೆ ಮಗುವನ್ನು ಮತ್ತೆ ಕರೆಸುತ್ತೇವೆ. ಅಂಥ ಕಡೆ ಹೋಗಿ. ಮಗಳ ಜೊತೆಗೂ ನಿಮ್ಮ ಜೊತೆಗೂ ಬೇರೆಬೇರೆಯಾಗಿ ಮಾತಾಡಿ ಎಂದು ಸಂಕೋಚವಿಲ್ಲದೆ ಕೇಳಿ.

ಅವಳನ್ನು ಬೇರೆ ಮಕ್ಕಳ ಜೊತೆ ಹೋಲಿಸಬೇಡಿ, ಎರಡು ವರ್ಷದ ಹಿಂದಿನ ಅವಳ ಜೊತೆಗೇ ಹೋಲಿಸಿ. ಮುಖದಲ್ಲಿ ಭಾವ ಕಡಿಮೆ, ಮಾತು ಕಡಿಮೆ ಎಂಬುದು ಚಿಕ್ಕಂದಿನಿಂದಲೂ ಇದ್ದರೆ ಅದು ಅವಳ ಸ್ವಭಾವ. ಮೊದಲು ಗೆಳತಿಗೆ ಫೋನ್ ಮಾಡುತ್ತಿದ್ದವಳು ಈಗ ಬಿಟ್ಟಿದ್ದರೆ ಅದು ಮುಖ್ಯ. ಈ ಸಿಂಡ್ರೋಮ್‌ನಲ್ಲಿ ಸೈಕೋಸಿಸ್ ಬರುವವರಲ್ಲಿ ಕೆಲವು ವರ್ಷ ಮೊದಲೇ ಭಾಷೆಗೆ ಸಂಬಂಧಿಸಿದ ಬುದ್ಧಿಮತ್ತೆ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಹಳೆಯ ನೋಟ್‌ಬುಕ್, ಮಾರ್ಕ್ಸ್ ಕಾರ್ಡ್, ಮೊಬೈಲಿನ ಹಳೆಯ ವಿಡಿಯೋ ಎಲ್ಲವನ್ನೂ ಜೊತೆಗೆ ಒಯ್ಯಿರಿ.

ಇದೆಲ್ಲಕ್ಕಿಂತ ಮೊದಲು ರಕ್ತದ ಕ್ಯಾಲ್ಸಿಯಂ ಮತ್ತು ಥೈರಾಯ್ಡ್ ನೋಡಿಸಿ. ಇವರಲ್ಲಿ ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿ ದುರ್ಬಲವಾಗಿದ್ದು ಕ್ಯಾಲ್ಸಿಯಂ ಇಳಿಯುವುದುಂಟು. ಅದರಿಂದಲೇ ಗಾಬರಿ, ಸಿಡುಕು, ಫಿಟ್ಸ್ ಬರಬಹುದು. ಡಿಲೀಷನ್ ಇದೆ ಎಂಬ ಒಂದೇ ಕಾರಣಕ್ಕೆ ಸೈಕೋಸಿಸ್ ಮಾತ್ರೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ.

ಆ ದನಿ ‘ಹೀಗೆ ಮಾಡು’ ಎಂದು ಆಜ್ಞೆ ಮಾಡತೊಡಗಿದರೆ, ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನಾದರೂ ಕೇಳಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ದನಿ ಕೇಳುವುದು ಯಾವ ಹೊತ್ತಿನಲ್ಲಿ, ಮಲಗುವಾಗಲೋ ಹಗಲಲ್ಲೋ, ಎಂದು ಒಂದು ವಾರ ಬರೆದಿಟ್ಟು ಇಲ್ಲಿ ತಿಳಿಸಿ.