ಅಂಗಡಿ ಕಿಡಿಯೊ ಬೇಡ, ಓರಗಿತ್ತಿಯನ್ನು ಕರೆಯಿರಿ

ಬಂಟ್ವಾಳ ಕಡೆಯ ಓದುಗರೊಬ್ಬರ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಬದಿಗಿಟ್ಟೆ. ಈ ವಾರ ಇವರಿಗೆ ಮಾತ್ರ ಉತ್ತರ.

ಗಂಡ ಮತ್ತು ಮೈದುನ ತಂದೆಯ ಜಾಗ ಪಾಲು ಮಾಡಿಕೊಳ್ಳುವಾಗ ಬಾವಿಗೆ ಹೋಗುವ ದಾರಿಗಾಗಿ ಜಗಳವಾಡಿದ್ದಾರೆ. ಕೇಸು ಕೋರ್ಟಿನಲ್ಲಿದೆ. ಎರಡು ಮನೆಗಳ ನಡುವೆ ಮಾತಿಲ್ಲದೆ ಇದು ಮೂರನೇ ಕ್ರಿಸ್‌ಮಸ್. ಇವರು ದಿನಾ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಾರೆ, ಶುಕ್ರವಾರ ಉಪವಾಸ ಮಾಡುತ್ತಾರೆ. ಕ್ರಿಸ್‌ಮಸ್‌ಗೆ ತಯಾರಾಗುವ ಆಗಮನ ಕಾಲದ ಮೊದಲ ಭಾನುವಾರ ಮೇಜಿನ ಮೇಲೆ ಹಸಿರೆಲೆಯ ಚಕ್ರ ಇಟ್ಟು ಭರವಸೆಯ ಹೆಸರಿನ ಮೇಣದ ಬತ್ತಿಯನ್ನೂ ಹಚ್ಚಿದ್ದಾರೆ. "ನಾಟಕ ಮಾಡಿದ ಹಾಗನಿಸಿತು. ಭರವಸೆಯೇ ಇಲ್ಲದವಳು ಯಾವ ತಯಾರಿ ಮಾಡಲಿ?" ಎಂದು ಕೇಳಿದ್ದಾರೆ.

ಅಕ್ಕಾ, ನಾಟಕ ಅನ್ನಬೇಡಿ. ಆ ಚಕ್ರ ಶುರುವಾದದ್ದು 1839ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಬಡ ಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪಾದ್ರಿಗೆ ಮಕ್ಕಳು ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಅಂತ ಕೇಳುತ್ತಲೇ ಇರುತ್ತಿದ್ದರಂತೆ. ಅವರಿಗಾಗಿ ಒಂದು ಗಾಡಿ ಚಕ್ರದ ಮೇಲೆ ಬತ್ತಿಗಳನ್ನು ಜೋಡಿಸಿದರು. ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಸಣ್ಣದು. ಕಾಯಲು ಆಗದವರಿಗೆಂದೇ ಮಾಡಿದ್ದು ಅದು. ನೀವು ಹಚ್ಚಿದ್ದು ಸರಿಯಾಗಿಯೇ ಇದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಪತ್ರದ ಕೊನೆಯಲ್ಲಿ ನೀವು ಸುಮ್ನೆ ಸೇರಿಸಿದ ಒಂದು ಸಾಲು. "ಈ ಸಲವೂ ಕಿಡಿಯೊ ಅಂಗಡಿಯಿಂದಲೇ ತರುತ್ತೇವೆ. ಮೊದಲೆಲ್ಲ ನಾನೂ ಓರಗಿತ್ತಿಯೂ ಬಾಚಣಿಗೆ ಹಿಡಿದು ರಾತ್ರಿಯವರೆಗೆ ಕೂರುತ್ತಿದ್ದೆವು." (ಕಿಡಿಯೊ ಅಂದರೆ ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುವ ಕ್ರಿಸ್‌ಮಸ್ ತಿಂಡಿ.) ಪತ್ರವನ್ನು ಮತ್ತೆ ಮೊದಲಿಂದ ಓದಿದೆ. ನೀವಿಬ್ಬರೂ ಜಗಳವಾಡಿದ್ದು ಅದರಲ್ಲಿ ಎಲ್ಲೂ ಇಲ್ಲ! ಜಗಳ ಅಣ್ಣತಮ್ಮಂದಿರದು. ಗೆಳತಿಯನ್ನು ಕಳೆದುಕೊಂಡದ್ದು ನೀವು.

ನಿಮ್ಮ ಗಂಡನ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಕೇಸು ಹಾಕಲಿ, ಅದು ಅವರ ಹಕ್ಕು. ಆದರೆ "ನೀನು ಆ ಅಂಗಳಕ್ಕೆ ಕಾಲಿಡಬೇಡ" ಎಂದು ನಿಮ್ಮನ್ನು ಕಟ್ಟಿಹಾಕಿದ ಬಾಯಲ್ಲೇ ಅವರು ಸಂಜೆ ತೆರ್ಸ್ ಮುಂದೆ ನಿಂತು ಹೇಳಿಸುತ್ತಾರಲ್ಲ, ಅದು ನನಗೆ ಅರಗುವುದಿಲ್ಲ. ಮನೆಯೊಳಗಿನ ಬರಗಾಲಕ್ಕೆ ನೀವು ನಿಮ್ಮ ಭಕ್ತಿಯನ್ನು ದೂರುತ್ತಿದ್ದೀರಿ. ಅದರಲ್ಲಿ ನಿಮ್ಮ ಪಾಲು ಬಹಳ ಕಡಿಮೆ.

ಮೊದಲು ಮನಸ್ಸು ತಿಳಿಯಾಗಲಿ, ಆಮೇಲೆ ಹೆಜ್ಜೆ ಇಡೋಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಹಲವು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಆಗಮನ ಕಾಲದ ಭಾನುವಾರಗಳಲ್ಲಿ ಯೇಸುವಿಗಿಂತ ಮುಂಚೆ ಬಂದು ಬೋಧಿಸಿದ ಪ್ರವಾದಿ ಸ್ನಾನಿಕ ಯೊವಾನ್ನರ ಮಾತು ಕೇಳುತ್ತೀರಲ್ವಾ? ಪ್ರಭುವಿನ ದಾರಿ ಸಿದ್ಧಮಾಡಿ ಎಂದವರು ಅವರೇ. "ಹಾಗಾದರೆ ನಾವು ಏನು ಮಾಡಬೇಕು?" ಎಂದು ಜನ ಕೇಳಿದಾಗ ಅವರು ಕೊಟ್ಟ ಉತ್ತರ ಲೂಕನ ಶುಭಸಂದೇಶದ 3ನೇ ಅಧ್ಯಾಯದಲ್ಲಿದೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ನಿಗದಿಗಿಂತ ಜಾಸ್ತಿ ವಸೂಲಿ ಮಾಡದಿರಲಿ. ಸೈನಿಕರು ಯಾರನ್ನೂ ಹೆದರಿಸಿ ದುಡ್ಡು ಕೀಳದಿರಲಿ. ನಿಮಗೆ ಹೇಗನಿಸುತ್ತಿದೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಅವರವರ ಕೈಗೆ ಎಟುಕುವ ಕೆಲಸ ಹೇಳಿದರು. ನಿಮ್ಮ ಕೈಗೆ ಎಟುಕುವುದು ಆ ಬಾಚಣಿಗೆ.

ಹಾಗಾಗಿ ಒಂದೇ ಮಾತು. ಅಂಗಡಿಯ ಕಿಡಿಯೊ ಬೇಡ ಎಂದು ಹೇಳಿ, ಈ ಶನಿವಾರ ನೀವೇ ನಡೆದು ಹೋಗಿ ಓರಗಿತ್ತಿಯನ್ನು ಕರೆಯಿರಿ. ಮಕ್ಕಳ ಕೈಯಲ್ಲಿ ಹೇಳಿಕಳಿಸಬೇಡಿ, ವಾಟ್ಸ್‌ಆ್ಯಪ್ ಬೇಡವೇ ಬೇಡ. ಗಂಡನಿಗೆ ತಿಳಿಸಿ ಹೋಗಿ, ಆದರೆ ಅಪ್ಪಣೆ ಕೇಳಬೇಡಿ. ಬಾವಿ ದಾರಿಯ ವಿಷಯ ಓರಗಿತ್ತಿಯೇ ಎತ್ತಿದರೂ "ಅದು ಕೋರ್ಟಿನಲ್ಲಿದೆ, ನಾನು ಬಂದದ್ದು ಹಿಟ್ಟು ಕಲಸಲು ಕರೆಯೋಕೆ" ಅನ್ನಿ. ಬರಲ್ಲ ಅಂದರೆ ವಾದ ಮಾಡದೆ ವಾಪಸ್ ಬನ್ನಿ. ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ಅಂದರೆ ಕಿಡಿಯೊ ಒಂದೇ ಅಲ್ಲವಲ್ಲ. ಮುಂದಿನ ವಾರ ನೆವ್ರಿ (ಕರ್ಜಿಕಾಯಿಯಂಥ ತಿಂಡಿ) ಮಾಡುವ ದಿನ ಮತ್ತೆ ಹೋಗಿ ಕರೆಯಿರಿ.