ರಿವಾಲ್ವರ್ ಒಳಗಿನ ಬೀಗವನ್ನು ಜನ ಯಾಕೆ ತೆಗೆಸುತ್ತಾರೆ?

ನೀವು ಕೇಳುತ್ತಿರುವುದು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ರಿವಾಲ್ವರ್ ಬಗ್ಗೆ ಅಂದುಕೊಳ್ಳುತ್ತೇನೆ, ಈ ಜಗಳ ಜಾಸ್ತಿ ಇರುವುದೇ ಅಲ್ಲಿ. ಎಡಬದಿಯಲ್ಲಿ, ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಬಿಡಿಸುವ ಗುಂಡಿಯ ಮೇಲ್ಗಡೆ ಒಂದು ಪುಟ್ಟ ತೂತು ಕಾಣುತ್ತದೆ. ಅದಕ್ಕೆ ಕೀಲಿ ಹಾಕಿ ತಿರುಗಿಸಿದರೆ ಹ್ಯಾಮರ್ (ಬಡಿದು ಗುಂಡು ಹಾರಿಸುವ ಪುಟ್ಟ ಸುತ್ತಿಗೆ) ಪಕ್ಕದಲ್ಲಿ ಒಂದು ಚಿಕ್ಕ ತಗಡು ಮೇಲೆದ್ದು ಹ್ಯಾಮರನ್ನು ಹಿಡಿದುಬಿಡುತ್ತದೆ, ಅಷ್ಟೇ.

ಸಿಟ್ಟಿಗೆ ಅರ್ಧ ಕಾರಣ ರಾಜಕೀಯ. 2000ದಲ್ಲಿ ಕಂಪನಿ ಕ್ಲಿಂಟನ್ ಸರ್ಕಾರದ ಜೊತೆ ಬಂದೂಕು ಸುರಕ್ಷತೆಯ ಒಪ್ಪಂದ ಮಾಡಿಕೊಂಡಿತು, ಗಿರಾಕಿಗಳು ಬಹಿಷ್ಕಾರ ಹಾಕಿದರು, ಮರುವರ್ಷ ಬ್ರಿಟನ್ನಿನ ಮಾಲೀಕರು ಅದನ್ನು ಸೇಫ್-ಟಿ-ಹ್ಯಾಮರ್‌ಗೆ ಮಾರಿದರು. ಅದು ಬಂದೂಕಿಗೆ ಬೀಗ ಮಾಡುವ ಕಂಪನಿ! ಮತ್ತೆ ಬೀಗ ಬರದೇ ಇರುತ್ತಾ?

ಇನ್ನರ್ಧ ಭಯ. ಹಗುರ ಮೈಯ ಮ್ಯಾಗ್ನಂ (ಹೆಚ್ಚು ಜೋರಿನ ಗುಂಡಿನ) ರಿವಾಲ್ವರಿನಲ್ಲಿ ಹಾರಿಸಿದಾಗ ಒದೆತ ಜೋರು, ಆ ಏಟಿಗೆ ಬೀಗ ತಾನಾಗಿಯೇ ಹಾಕಿಕೊಂಡಿತು ಅಂತ ಕೆಲವರು ಹೇಳಿದ್ದಾರೆ. ಅಪರೂಪ, ಆದರೆ ಜೀವ ಉಳಿಸಿಕೊಳ್ಳಲು ಇಟ್ಟುಕೊಂಡವರಿಗೆ ಅಷ್ಟು ಅನುಮಾನವೇ ಸಾಕಲ್ವಾ.

ನನ್ನ ಕೇಳಿದರೆ ಮನೇಲಿ ಕೂತು ಬಿಚ್ಚಬೇಡಿ. ನಾಳೆ ಏನಾದರೂ ಆದರೆ ಕೋರ್ಟಿನಲ್ಲಿ "ಸುರಕ್ಷತಾ ಬೀಗ ಕಿತ್ತುಹಾಕಿದವನು" ಅಂತಲೇ ವಕೀಲರು ಶುರುಮಾಡುತ್ತಾರೆ. ಅದೇ ಕಂಪನಿಯ 442, 642ರಂಥ ಮಾಡೆಲ್‌ಗಳು ಬೀಗವಿಲ್ಲದೆಯೇ ಸಿಗುತ್ತವೆ, ಸುಮ್ನೆ ಅದನ್ನೇ ತಗೊಳ್ಳಿ.